ಖಾಸಗಿ ಸಮಾರಂಭಕ್ಕೆ ಲೈಫ್ ಜಾಕೆಟ್ ಕಡ್ಡಾಯ

“ಸಮುದ್ರದ ನಟ್ಟನಡುವೆ, ಹಡಗಿನ ಮೇಲೆ, ನಾನು, ನಮ್ಮನೆಯವರು, ಮಗಳು, ಮೂರೇ ಜನ. ಖರ್ಚು ಸೊನ್ನೆ. ಒಂದು ನರಪಿಳ್ಳೆಗೂ ಸುಳಿವು ಸಿಗಬಾರದು. ನೋಡ್ತಾ ಇರಿ.”

ಚೀಟಿ ಮೇಡಂ ಈ ಗುಟ್ಟನ್ನು ಘೋಷಿಸಿದಾಗ ಕಾರ್ಖಾನೆಯ ಊಟದ ಕೋಣೆಯಲ್ಲಿ ಹನ್ನೊಂದು ಜನರಿದ್ದರು. ಹನ್ನೊಂದು ಜನವೂ ಡಬ್ಬಿಯಿಂದ ತಲೆ ಎತ್ತಿ ನೋಡಿದರು.

ಅದು ಔಷಧಿ ಬಾಟಲಿಗಳಿಗೆ ಚೀಟಿ ಮುದ್ರಿಸುವ ಕಾರ್ಖಾನೆ. ಚೀಟಿಯ ಮೇಲಿನ ತಪ್ಪು ಹುಡುಕುವುದು ಆಕೆಯ ಕೆಲಸ. ‘ದಿನಕ್ಕೆ ಎರಡು ಚಮಚ’ ಎನ್ನುವುದು ‘ದಿನಕ್ಕೆ ಎರಡು ಬಾಟಲಿ’ ಆಗದಂತೆ ಕಾಯುವ ಕಾವಲುಗಾರ್ತಿ. ಏಳು ವರ್ಷದಲ್ಲಿ ಆಕೆಯ ಕಣ್ಣು ತಪ್ಪಿಸಿ ಒಂದೇ ಒಂದು ತಪ್ಪು ಚೀಟಿ ಹೊರಗೆ ಹೋಗಿರಲಿಲ್ಲ. ಬಾಟಲಿಯೊಳಗೆ ಏನಿದೆ ಎಂಬುದು ಮಾತ್ರ ಆಕೆಗೆ ಸಂಬಂಧಪಟ್ಟದ್ದಲ್ಲ. ಅದಕ್ಕೆ ಬೇರೆ ವಿಭಾಗವಿತ್ತು. ಈ ಮಾತನ್ನು ಓದುಗರು ಸ್ವಲ್ಪ ಜ್ಞಾಪಕದಲ್ಲಿ ಇಟ್ಟುಕೊಳ್ಳಬೇಕು.

“ಮದುವೆಯಾಗಿ ಆರು ವರ್ಷ ಆಯ್ತಲ್ಲ. ಈಗ ಯಾಕೆ ಗಂಡ ಹೆಂಡ್ತಿ ಮತ್ತೆ ಮಾತು ಕೊಡೋದು?” ಎಂದರು ಅಂಟಿನ ವಿಭಾಗದ ಅಕ್ಕ. “ಕೊಟ್ಟ ಮಾತು ಹಳಸಿಹೋಯ್ತಾ?”

“ಕೊಟ್ಟೇ ಇಲ್ಲ ಅಕ್ಕ. ಅದೇ ತೊಂದರೆ.”

ಅದು ನಿಜ. ಅವರ ಮದುವೆ ನೋಂದಣಿ ಕಚೇರಿಯಲ್ಲಿ ನಾಲ್ಕು ನಿಮಿಷದಲ್ಲಿ ಮುಗಿದಿತ್ತು. ಆಕೆ ಎರಡು ಪುಟದ ಮಾತು ಬರೆದು ಕೈಚೀಲದಲ್ಲಿ ಇಟ್ಟುಕೊಂಡು ಹೋಗಿದ್ದಳು. ಹಿಂದೆ ಹದಿನಾರು ಜೋಡಿಗಳು ಸಾಲುಗಟ್ಟಿದ್ದವು. ಅಧಿಕಾರಿ “ಒಪ್ಪಿಗೇನಾ?” ಎಂದು ಕೇಳಿದ. ವರ “ಹೂಂ” ಎಂದ. ಅಧಿಕಾರಿ ಠಸ್ಸೆ ಒತ್ತಿ “ಮುಂದಿನವರು” ಎಂದ. ಎರಡು ಪುಟ ಕೈಚೀಲದಲ್ಲೇ ಉಳಿಯಿತು.

ವರನದೂ ತಪ್ಪೇನಿರಲಿಲ್ಲ. ಆತ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಕತ್ತಲೆಯ ಬಾವಿಯಂಥ ಜಾಗದಲ್ಲಿ ಒಬ್ಬನೇ ಇಳಿದು, ಮೋಟರಿನ ಸದ್ದಿಗೆ ಕಿವಿಗೊಟ್ಟು ಕೆಲಸ ಮಾಡುವವನಿಗೆ ಮಾತು ದುಬಾರಿ ಸರಕು. ಮಗಳು ಹುಟ್ಟಿದಳು ಎಂದಾಗಲೂ “ಹೂಂ” ಎಂದಿದ್ದ. ಆದರೆ ಆ ‘ಹೂಂ’ ಹೇಳುವಾಗ ಗೋಡೆ ಹಿಡಿದುಕೊಂಡಿದ್ದ ಎಂದು ನರ್ಸ್ ಆಮೇಲೆ ಹೇಳಿದಳು. ಆದರೂ ಹೆಂಗಸಿಗೆ ಒಂದು ಆಸೆ. ತನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ತನ್ನ ಬಗ್ಗೆ, ಆತ ಒಂದು ಪೂರ್ತಿ ವಾಕ್ಯ ಹೇಳಬೇಕು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇರುವ ವಾಕ್ಯ.

ಹತ್ತು ವರ್ಷದ ಸೇವೆಗೆ ಮೆಚ್ಚಿ ಲಿಫ್ಟ್ ಕಂಪನಿಯವರು ಆತನಿಗೆ ಮೂರು ದಿನದ ಹಡಗು ಪ್ರವಾಸದ ಟಿಕೆಟ್ ಕೊಟ್ಟಾಗ ಆಕೆಗೆ ಆ ವಾಕ್ಯ ಅಲೆಗಳ ಮೇಲೆ ತೇಲಿ ಬಂದಂತೆ ಕಂಡಿತು. ಕೋಣೆಗೆ ಕಿಟಕಿ ಇರಲಿಲ್ಲ. ನೀರಿನ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂದು ಫೋನಿನಲ್ಲಿ ಕೇಳಿದರೆ “ಸುಮಾರು” ಎಂದರು. ಆಕೆ ಆ ರಾತ್ರಿ ನಿದ್ದೆ ಮಾಡಲಿಲ್ಲ, ಆ ಮಾತು ಬೇರೆ.

ಹಡಗಿನಲ್ಲಿ ಇಂಥದ್ದಕ್ಕೆಂದೇ ಒಂದು ಸಮಾರಂಭ ವಿಭಾಗವಿತ್ತು. ಅಲ್ಲಿನ ಹುಡುಗಿ ಜೇನಿನಂಥ ದನಿಯಲ್ಲಿ ಪಟ್ಟಿ ಒಪ್ಪಿಸಿದಳು: ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬರು ಸಾಕ್ಷಿ, ಮೂರಂತಸ್ತಿನ ಕೇಕು, ಪಿಟೀಲು, ಛಾಯಾಚಿತ್ರ. ಅವಳು ಹೇಳಿದ ಮೊತ್ತಕ್ಕೆ ಮನೆಗೆ ಹೊಸ ಫ್ರಿಜ್ಜು ಬರುತ್ತಿತ್ತು, ಒಳಗಿನ ತರಕಾರಿ ಸಮೇತ.

“ಅಷ್ಟೆಲ್ಲ ಬೇಡ. ನಮಗೆ ಖಾಸಗಿಯಾಗಿ ಬೇಕು,” ಎಂದಳು ಚೀಟಿ ಮೇಡಂ.

“ಖಾಸಗಿಗೆ ಬೇರೆ ದರ ಮೇಡಂ. ಸ್ವಲ್ಪ ಜಾಸ್ತಿ.”

ಆಕೆ ಫೋನಿಟ್ಟಳು. ಯಾರೂ ಇಲ್ಲದಿರುವುದಕ್ಕೆ ಹೆಚ್ಚು ಹಣ ಕೇಳುವ ಈ ಲೋಕಕ್ಕೆ ಪಾಠ ಕಲಿಸಬೇಕೆಂದು ಅಂದೇ ಪಣ ತೊಟ್ಟಳು.

ಹಡಗಿನ ನಕ್ಷೆ ತರಿಸಿಕೊಂಡು ಒಂದು ವಾರ ಅಧ್ಯಯನ ಮಾಡಿದಳು. ಬೇರೆಯವರಾದರೆ ಸೂರ್ಯಾಸ್ತ ಎಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ನೋಡುತ್ತಿದ್ದರು. ಈಕೆ ನೋಡಿದ್ದು ರಕ್ಷಣಾ ದೋಣಿಗೆ ಎಷ್ಟು ಹೆಜ್ಜೆ ಎಂದು. ಐದನೇ ಡೆಕ್ಕಿನ ಹಿಂಭಾಗದಲ್ಲಿ ಆರನೇ ನಂಬರಿನ ದೋಣಿ ನೆತ್ತಿಯ ಮೇಲೇ ತೂಗುವ ಒಂದು ಮೂಲೆ ಸಿಕ್ಕಿತು. ಕುರ್ಚಿಯಿಲ್ಲ, ಮೇಜಿಲ್ಲ, ಅಂಗಡಿಯಿಲ್ಲ. ಇಷ್ಟು ಒಳ್ಳೆಯ ಜಾಗವನ್ನು ಯಾಕೆ ಖಾಲಿ ಬಿಟ್ಟಿದ್ದಾರೆ ಎಂಬ ಒಂದೇ ಒಂದು ಪ್ರಶ್ನೆ, ಸಾವಿರ ಪ್ರಶ್ನೆ ಕೇಳುವ ಆಕೆಗೆ ಹೊಳೆಯಲಿಲ್ಲ.

ಸಮಯವೂ ನಿಗದಿಯಾಯಿತು: ಎರಡನೇ ದಿನ ಬೆಳಗ್ಗೆ ಹನ್ನೊಂದು. ಹಡಗು ಬಂದರಿನಲ್ಲಿ ನಿಂತಿರುತ್ತದೆ. ಪ್ರಯಾಣಿಕರೆಲ್ಲ ಊರು ನೋಡಲು ಇಳಿದಿರುತ್ತಾರೆ.

“ಅಂದ್ಹಾಗೆ, ಮಾತು ಕೊಡೋವಾಗ ಮೂರೂ ಜನ ಲೈಫ್ ಜಾಕೆಟ್ ಹಾಕ್ಕೊಂಡಿರಬೇಕು,” ಎಂದಳು ಗಂಡನಿಗೆ.

“ಹಡಗು ನಿಂತಿರುತ್ತಲ್ಲೇ.”

“ನಿಂತಿರೋ ಹಡಗು ಮುಳುಗಲ್ಲ ಅಂತ ಎಲ್ಲಿ ಬರೆದಿದೆ? ತೋರಿಸಿ ನೋಡೋಣ.”

“ಹೂಂ.”

“ಉಂಗುರ ಬದಲಾಯಿಸುವಾಗ ಜಾರಿ ಸಮುದ್ರಕ್ಕೆ ಬಿದ್ರೆ? ಹಲ್ಲು ಸಂದಿಗೆ ಹಾಕೋ ದಾರ ಇದೆಯಲ್ಲ, ಅದರಲ್ಲಿ ಉಂಗುರಾನ ಮಣಿಕಟ್ಟಿಗೆ ಕಟ್ಟಿಕೊಳ್ಳೋಣ.”

“ಹೂಂ.”

“ನೀವು ಏನು ಹೇಳ್ತೀರಿ ಅಂತ ಬರೆದುಕೊಂಡ್ರಾ?”

ಈ ಪ್ರಶ್ನೆಗೆ ‘ಹೂಂ’ ಕೂಡ ಬರಲಿಲ್ಲ. ಆತ ಎದ್ದು ಹೋಗಿ ಫ್ಯಾನಿನ ಸದ್ದು ಕೇಳುತ್ತಾ ನಿಂತ.

ಮನೆ ನೋಡಿಕೊಳ್ಳಲು ಅತ್ತೆ ಬಂದರು. ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ದುಡಿದವರು. ಮೂರು ಮಾತಿನಲ್ಲಿ ಮುಗಿಯುವುದಕ್ಕೆ ನಾಲ್ಕನೆಯದನ್ನು ಬಳಸಿದರೆ ಸಾರ್ವಜನಿಕ ಆಸ್ತಿಗೆ ನಷ್ಟ ಎಂದು ನಂಬಿದವರು. ಅವರಿಗೆ ‘ಕಂಪನಿ ಕೊಟ್ಟ ಪ್ರವಾಸ’ ಎಂದಷ್ಟೇ ಹೇಳಲಾಗಿತ್ತು. ಮಾತು ಕೊಡುವ ವಿಷಯ ಗೊತ್ತಾದರೆ ನಕ್ಕಾರು ಎಂಬ ಭಯ. ಅತ್ತೆ ನಗುವುದು ವರ್ಷಕ್ಕೆ ಎರಡು ಸಲ. ಆ ಎರಡರಲ್ಲಿ ಒಂದು ತಾನಾಗುವುದು ಸೊಸೆಗೆ ಬೇಕಿರಲಿಲ್ಲ.

ಹೊರಡುವ ಹಿಂದಿನ ದಿನ ಎರಡು ಪಟ್ಟಿಗಳು ತಯಾರಾದವು. ಒಂದು, ಮನೆ ನಡೆಸುವ ಬಗೆ: ಹತ್ತೊಂಬತ್ತು ಅಂಶ. ಇನ್ನೊಂದು, ಗಂಡನಿಗೆ ಕೊಡುವ ಮಾತು: ಹದಿನೇಳು ಅಂಶ, ಕೆಳಗೆ ಸಹಿ. ಎರಡು ಪ್ಲಾಸ್ಟಿಕ್ ಲಕೋಟೆ. ಒಂದರ ಮೇಲೆ ‘ಅತ್ತೆಗೆ’, ಇನ್ನೊಂದರ ಮೇಲೆ ‘ಹಡಗಿಗೆ’. ಬೆಳಗ್ಗೆ ಮನಸ್ಸು ತಡೆಯದೆ ಎರಡನ್ನೂ ಬಿಚ್ಚಿ, ಎರಡಕ್ಕೂ ಒಂದೊಂದು ಸಾಲು ಸೇರಿಸಿ, ಮತ್ತೆ ಮಡಚಿ ಒಳಗಿಟ್ಟಳು. ಆಮೇಲೆ ಕಾರ್ಖಾನೆಯ ಶಿಸ್ತಿನಂತೆ ಮೇಲಿನ ಚೀಟಿಗಳನ್ನು ಮೂರು ಸಲ ಪರೀಕ್ಷಿಸಿದಳು. ಎರಡೂ ಸರಿಯಾಗಿದ್ದವು.

ಮನೆಯಿಂದ ಬಂದರಿಗೆ ಹೋಗುವಷ್ಟರಲ್ಲಿ ಅತ್ತೆಗೆ ನಾಲ್ಕು ಫೋನು. ಹಡಗು ಹತ್ತಿದ ಮೇಲೆ ಮೂರು.

“ಗ್ಯಾಸ್ ಆಫ್ ಆಗಿದೆಯಾ ಅತ್ತೆ?”

“ಆಗಿದೆ.”

“ಪಟ್ಟಿ ಓದಿದ್ರಾ?”

“ಎರಡು ಸಲ ಓದಿದೆ.”

“ಅರ್ಥ ಆಗದ್ದು ಏನಾದ್ರೂ ಇದೆಯಾ?”

“ಇಲ್ಲ. ಎಂಟನೇದು ಓದಿ ನಗು ಬಂತು.”

ಎಂಟನೆಯದು ಮೀನಿನ ತೊಟ್ಟಿಯ ವಿಷಯ. ಮೀನಿನ ಆಹಾರದಲ್ಲಿ ನಗುವಂಥದ್ದು ಏನಿದೆ ಎಂಬ ಚಿಂತೆಯಲ್ಲಿ ಆಕೆ ಹಡಗಿನ ಮೊದಲ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಗಂಡ ಹಡಗಿನ ಲಿಫ್ಟಿಗೆ ಕಿವಿ ಹಚ್ಚಿ “ಪರವಾಗಿಲ್ಲ” ಎಂದು ಪ್ರಮಾಣಪತ್ರ ಕೊಟ್ಟು, ಮಗಳ ತಟ್ಟೆಯಲ್ಲಿ ಉಳಿದದ್ದನ್ನೂ ಮುಗಿಸಿದ.

ಎರಡನೇ ದಿನ ಬೆಳಗ್ಗೆ ಅತ್ತೆಗೆ ಇನ್ನೆರಡು ಫೋನಾದ ಮೇಲೆ, ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಮೂವರೂ ಐದನೇ ಡೆಕ್ಕಿಗೆ ಬಂದರು. ಆಕೆ ಮದುವೆಯ ದಿನದ ನೀಲಿ ಉಡುಪು ತೊಟ್ಟಿದ್ದಳು. ಅದು ನೀಲಿ ಎಂದು ಗೊತ್ತಾಗುತ್ತಿದ್ದುದು ಮೊಣಕಾಲಿನ ಕೆಳಗೆ ಮಾತ್ರ. ಮೇಲೆಲ್ಲ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಗಂಡ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಅದನ್ನೇ ಧರಿಸಿ ಕಾಯಿ ಬಿಟ್ಟ ಕುಂಬಳದ ಬಳ್ಳಿಯಂತಿದ್ದ. ನಾಲ್ಕು ವರ್ಷದ ಮಗಳು ಚಿಣ್ಣಿಗೆ ಜಾಕೆಟ್ಟಿನಲ್ಲಿ ಒಂದು ಸೀಟಿ ಸಿಕ್ಕಿತು. ಅವಳ ಪಾಲಿಗೆ ಪ್ರವಾಸ ಅಲ್ಲಿಗೇ ಸಾರ್ಥಕವಾಯಿತು.

ಆಗಲೇ ಧ್ವನಿವರ್ಧಕದಲ್ಲಿ ಏನೋ ಪ್ರಕಟಣೆ ಬಂತು. ಚಿಣ್ಣಿ ಪೀಪೀ ಎಂದು ಊದುತ್ತಿದ್ದಳು. ‘…ಸಿಬ್ಬಂದಿ…’ ಎಂಬುದಷ್ಟೇ ಕೇಳಿಸಿತು.

“ಏನಂದ್ರು ರೀ?”

“ಸಿಬ್ಬಂದಿ ಅಂದ್ರು.”

“ನಾವು ಸಿಬ್ಬಂದಿ ಅಲ್ಲವಲ್ಲ. ಸರಿ, ಶುರು ಮಾಡೋಣ.”

ಆಕೆ ಗಂಟಲು ಸರಿಮಾಡಿಕೊಂಡು ಲಕೋಟೆಗೆ ಕೈ ಹಾಕಿದಳು. ಅಷ್ಟರಲ್ಲಿ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಹಡಗಿನ ಗಂಟೆ ಮೊಳಗಿತು. ಬಾಗಿಲುಗಳು ಧಡಾರನೆ ತೆರೆದವು. ಎರಡೂ ಕಡೆಯಿಂದ ಕಿತ್ತಳೆ ಜಾಕೆಟ್ಟಿನ ಜನ ದಬದಬನೆ ನುಗ್ಗಿ ಬಂದರು. ಅಡುಗೆಯವರು, ಲಾಂಡ್ರಿಯವರು, ಕೋಣೆ ಗುಡಿಸುವವರು, ಕೈಗೆ ಮೈದಾ ಹಿಟ್ಟು ಮೆತ್ತಿಕೊಂಡವನೊಬ್ಬ, ಪಿಟೀಲನ್ನು ಕಂಕುಳಲ್ಲಿ ಇರಿಸಿಕೊಂಡೇ ಓಡಿ ಬಂದವನೊಬ್ಬ. ಟಿಕೆಟ್ ಬಂದಾಗಿನಿಂದ ಆಕೆ ಕನಸಿನಲ್ಲಿ ನೋಡುತ್ತಿದ್ದ ದುರಂತ ಕೊನೆಗೂ ಬಂದಿತ್ತು. ಆಕೆಗೆ ಭಯಕ್ಕಿಂತ ಮೊದಲು ಬಂದದ್ದು, ನಾಚಿಕೆಯಾದರೂ ಹೇಳಬೇಕು, ಹೆಮ್ಮೆ.

“ನೋಡಿದ್ರಾ? ನಿಂತಿರೋ ಹಡಗು ಮುಳುಗಲ್ಲ ಅಂದ್ರಲ್ಲ?”

ದಪ್ಪ ಮೀಸೆಯ ಡೆಕ್ ಮೇಸ್ತ್ರಿ ಕೈಯಲ್ಲಿ ಹೆಸರಿನ ಪಟ್ಟಿ ಹಿಡಿದು ಬಂದವನು ಇವರನ್ನು ಮೇಲಿಂದ ಕೆಳಗೆ ನೋಡಿ ಮೆಚ್ಚುಗೆಯಿಂದ ತಲೆದೂಗಿದ.

“ಈ ಸಲ ದೋಣಿ ಇಳಿಸೋ ಅಭ್ಯಾಸಕ್ಕೆ ಪ್ರಯಾಣಿಕರ ವೇಷ ಚೆನ್ನಾಗಿ ಹಾಕ್ಸಿದ್ದಾರೆ. ಮಗೂನೂ ಕರ್ಕೊಂಡು ಬಂದಿದ್ದೀರಾ, ಭೇಷ್. ಹತ್ತಿ, ಹತ್ತಿ.”

“ಅಭ್ಯಾಸನಾ? ನಾವು ನಿಜವಾದ ಪ್ರಯಾಣಿಕರು ಸ್ವಾಮಿ.”

“ಎಲ್ಲರೂ ಹಾಗೇ ಹೇಳಬೇಕು, ಅದೇ ಪಾತ್ರ. ಹೋದ ಸಲ ಲಾಂಡ್ರಿಯವನು ಬಸುರಿ ಆಗಿದ್ದ. ದೋಣಿ ಹತ್ತೋವರೆಗೂ ಒಪ್ಪಿಕೊಳ್ಳಲಿಲ್ಲ.”

“ನನ್ನ ಮಾತು ಕೇಳಿ, ನಾವು—”

“ತಾಯಿಗೆ ಗಾಬರಿಯಾಗಿದೆ,” ಎಂದು ಮೇಸ್ತ್ರಿ ಹಿಂದಿದ್ದವರಿಗೆ ಪಾಠ ಹೇಳಿದ. “ಇಂಥವರ ಜತೆ ವಾದ ಮಾಡಬಾರದು. ಮೆಲ್ಲಗೆ ಮೊಣಕೈ ಹಿಡಿದು ಹತ್ತಿಸಬೇಕು. ಹೀಗೆ.”

ಆಕೆಯ ಮೊಣಕೈ ಹಿಡಿದು ಮೆಲ್ಲಗೆ ಹತ್ತಿಸಲಾಯಿತು. ಗಂಡ ತಾನಾಗಿಯೇ ಹತ್ತಿದ. ದೋಣಿ ಇಳಿಸುವ ಯಂತ್ರವನ್ನು ಆತ ಆಗಲೇ ಆಸೆಯ ಕಣ್ಣಿಂದ ನೋಡುತ್ತಿದ್ದ. ಚಿಣ್ಣಿ ಎಲ್ಲರಿಗಿಂತ ಮುಂದೆ ಹೋಗಿ ಕೂತಿದ್ದಳು. ಯಂತ್ರ ಗರಗರ ಎಂದಿತು. ದೋಣಿ ಡೆಕ್ಕು ಬಿಟ್ಟು ಎರಡಾಳು ಕೆಳಗಿಳಿದು, ನೀರಿಗೂ ಆಕಾಶಕ್ಕೂ ನಡುವೆ ತೂಗುತ್ತಾ ನಿಂತಿತು.

“ಎಡಗಡೆ ಬೇರಿಂಗಿಗೆ ಎಣ್ಣೆ ಬೇಕು,” ಎಂದ ಗಂಡ.

ಮೇಸ್ತ್ರಿ ತಲೆ ಎಣಿಸಿದ. ಪಟ್ಟಿ ನೋಡಿದ. ಮತ್ತೆ ಎಣಿಸಿದ. ಪಟ್ಟಿಯಲ್ಲಿ ಮೂವತ್ತೆಂಟು, ದೋಣಿಯಲ್ಲಿ ನಲವತ್ತೊಂದು. ಅವನ ಮೀಸೆ ನಿಧಾನವಾಗಿ ಕೆಳಗಿಳಿಯಿತು.

“ಅಮ್ಮಾ… ನೀವು ಯಾವ ವಿಭಾಗ?”

“ಔಷಧಿ ಚೀಟಿ ವಿಭಾಗ,” ಎಂದಳು ಆಕೆ, ಅಳುವ ದನಿಯಲ್ಲಿ.

ಹಿಂದಿನ ಸಾಲಿನಿಂದ ಜೇನಿನಂಥ ದನಿಯೊಂದು ಕೇಳಿತು. “ನೀವು ಫೋನ್ ಮಾಡಿದ್ದ ಮೇಡಂ ಅಲ್ವಾ? ಖಾಸಗಿಯಾಗಿ ಬೇಕು ಅಂದಿದ್ರಿ?” ಸಮಾರಂಭ ವಿಭಾಗದ ಹುಡುಗಿ ಬಗ್ಗಿ ನೋಡುತ್ತಿದ್ದಳು.

“ಏನು ಖಾಸಗಿ?” ಎಂದ ಮೇಸ್ತ್ರಿ. “ಅಲ್ಲಿ ಮೂಲೆಯಲ್ಲಿ ಏನು ಮಾಡ್ತಿದ್ರಿ ನೀವು?”

ಚಿಣ್ಣಿ ಸೀಟಿ ಬಾಯಿಂದ ತೆಗೆದಳು.

“ಅಪ್ಪ ಅಮ್ಮ ಮದುವೆ ಆಗ್ತಿದ್ರು. ನಾನು ಊದ್ತಿದ್ದೆ.”

ಮೂವತ್ತೆಂಟು ತಲೆಗಳು ಒಮ್ಮೆಲೇ ಇವರತ್ತ ತಿರುಗಿದವು. ಹಿಟ್ಟಿನ ಕೈಯವನು ಮೊದಲು ಮಾತಾಡಿದ.

“ಮೇಲಿಂದ ಸನ್ನೆ ಬರೋಕೆ ಇನ್ನೂ ಕಾಲು ಗಂಟೆ ಇದೆ. ಹೇಗೂ ಎಲ್ಲರೂ ಕೂತಿದ್ದೀವಿ. ಮುಗಿಸಿಬಿಡಿ ಅಕ್ಕ.”

“ಹೌದು, ಮುಗಿಸಿಬಿಡಿ,” ಎಂದಿತು ದೋಣಿ.

ಮೇಸ್ತ್ರಿ ಜಾಕೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡು ಸಾಕ್ಷಿಯಂತೆ ಎದ್ದು ನಿಂತ. ಪಿಟೀಲಿನವನು ಎರಡು ತಂತಿ ಮೀಟಿದ. ಬೇಡವೆಂದ ಇಡೀ ಸಮಾರಂಭ, ಕೇಕು ಮಾಡುವವನ ಸಮೇತ, ಬಿಟ್ಟಿಯಾಗಿ ಬಂದು ಸುತ್ತ ಕೂತಿತ್ತು. ಖಾಸಗಿತನ ಒಂದೇ ದಡದಲ್ಲಿ ಉಳಿದಿತ್ತು.

ಆಕೆ ‘ಹಡಗಿಗೆ’ ಎಂಬ ಲಕೋಟೆ ಬಿಚ್ಚಿ, ಕಾಗದ ಬಿಡಿಸಿ, ಕಾರ್ಖಾನೆಯಲ್ಲಿ ಓದುವಂತೆ ಸ್ಪಷ್ಟವಾಗಿ ಓದಿದಳು:

“ಒಂದು. ಬಚ್ಚಲಿನ ನಲ್ಲಿಯನ್ನು ಎಡಕ್ಕೆ ಎರಡು ಸುತ್ತು ತಿರುಗಿಸಿ, ಬಲಕ್ಕೆ ಅರ್ಧ ಸುತ್ತು ಹಿಂದೆ ತಂದು, ಮೇಲೆ ಒಂದು ಸಲ ಮೆಲ್ಲಗೆ ಕುಟ್ಟಬೇಕು.”

ದೋಣಿ ಗಂಭೀರವಾಗಿ ಕೇಳಿಸಿಕೊಂಡಿತು. ಲಾಂಡ್ರಿಯವನು “ಆಳವಾದ ಮಾತು” ಎಂದು ಪಕ್ಕದವನಿಗೆ ಪಿಸುಗುಟ್ಟಿದ.

ಆಕೆ ಲಕೋಟೆಯನ್ನು ತಿರುಗಿಸಿ ನೋಡಿದಳು. ಚೀಟಿ ಸರಿಯಾಗಿಯೇ ಇತ್ತು. ಏಳು ವರ್ಷದಲ್ಲಿ ಒಂದು ಚೀಟಿ ತಪ್ಪಿರಲಿಲ್ಲ, ಇದೂ ತಪ್ಪಿರಲಿಲ್ಲ. ಒಳಗಿರುವುದನ್ನು ನೋಡುವ ವಿಭಾಗ ಮಾತ್ರ ಅವರ ಮನೆಯಲ್ಲಿ ಇರಲಿಲ್ಲ.

ಆರು ವರ್ಷ ಕಾದು, ನಕ್ಷೆ ನೋಡಿ, ದಾರ ಕಟ್ಟಿ, ಕೊನೆಗೆ ನಲ್ಲಿ. ಆಕೆಯ ಕಣ್ಣು ತುಂಬಿ ಬಂತು. ತಾನು ಬರೆದ ಹದಿನೆಂಟು ಮಾತಿನಲ್ಲಿ ಒಂದೂ ನೆನಪಾಗಲಿಲ್ಲ. ಕಾಗದ ಮಡಚಲು ಹೋದಾಗ ಗಂಡ ಅದನ್ನು ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಮೊದಲಿಂದ ಕೊನೆಯವರೆಗೂ ಕಣ್ಣಾಡಿಸಿದ. ಮೋಟರಿನ ಸದ್ದಿಗೆ ಕಿವಿಗೊಡುವಾಗಿನ ಮುಖ.

“ನಲ್ಲಿ ನಾನು ಸರಿ ಮಾಡ್ತೀನಿ,” ಎಂದ.

ಆತನ ಬೆರಳು ಮುಂದಿನ ಸಾಲಿಗೆ ಇಳಿಯಿತು.

“ಮುಂಬಾಗಿಲನ್ನ ಮೊಣಕಾಲಲ್ಲಿ ಒತ್ತಿ ಚಿಲಕ ಎತ್ತಬೇಕು ಅಂತ ಬರೆದಿದ್ದಾಳೆ. ಮಗು ಎತ್ತಿಕೊಂಡು, ಚೀಲ ಹಿಡ್ಕೊಂಡು, ಎರಡು ವರ್ಷದಿಂದ ಹಾಗೇ ಒತ್ತುತಾ ಇದ್ದಾಳೆ. ಅದನ್ನೂ ಸರಿ ಮಾಡ್ತೀನಿ. ಎರಡನೇ ಬರ್ನರ್ ಹತ್ತಲ್ಲ. ಫ್ಯಾನು ಮೂರರ ಮೇಲೆ ಇಟ್ಟರೆ ಅಲುಗುತ್ತೆ. ಇಲ್ಲಿ ಹತ್ತೊಂಬತ್ತು ಇದೆ… ಇಲ್ಲ, ಇಪ್ಪತ್ತು, ಬೆಳಗ್ಗೆ ಒಂದು ಸೇರಿಸಿದ್ದಾಳೆ. ಮೀನೊಂದು ಬಿಟ್ಟರೆ ಎಲ್ಲ ನಾನು ‘ನಾಳೆ ನೋಡೋಣ’ ಅಂದದ್ದೇ.” ಆತ ಕಾಗದ ಮಡಚಿದ. “ಇವಳು ಎಲ್ಲದಕ್ಕೂ ಯಾಕೆ ಇಷ್ಟು ಹೆದರ್ತಾಳೆ ಅಂತ ನಾನು ನಗ್ತಿದ್ದೆ. ಊರಿನ ಲಿಫ್ಟೆಲ್ಲ ಸರಿ ಮಾಡಿ ಬಂದು, ನನ್ನ ಹೆಂಡತೀನ ಅಲುಗೋ ಫ್ಯಾನಿನ ಕೆಳಗೆ ಮಲಗಿಸಿದ್ದೀನಿ. ಅವಳ ಅರ್ಧ ಚಿಂತೆ ನಾನೇ. ಆ ಅರ್ಧಾನ ನಾನು ತೆಗೆದುಹಾಕ್ತೀನಿ. ಮಾತು ಕೊಡ್ತೀನಿ.”

ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇತ್ತು. ಒಂದಲ್ಲ, ಎಣಿಸುವುದನ್ನೇ ಬಿಡುವಷ್ಟು ವಾಕ್ಯಗಳಿದ್ದವು.

“ಈಗ ನೀವು ಹೇಳಿ ಅಮ್ಮಾ,” ಎಂದ ಮೇಸ್ತ್ರಿ, ಮೂಗು ಒರೆಸಿಕೊಳ್ಳುತ್ತಾ.

ಎರಡು ಪುಟ ಬರೆದವಳು, ಹದಿನೆಂಟು ಅಂಶ ಬರೆದವಳು, ದಿನಕ್ಕೆ ಸಾವಿರ ಪ್ರಶ್ನೆ ಕೇಳುವವಳು ಬಾಯಿ ತೆರೆದಳು.

“ಹೂಂ,” ಎಂದಳು.

ದೋಣಿ ಚಪ್ಪಾಳೆ ತಟ್ಟಿತು. ಚಿಣ್ಣಿ ಸೀಟಿ ಊದಿದಳು. ಉಂಗುರ ಬದಲಾಯಿಸಲು ಹೋದಾಗ ದಾರಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಗಂಡಹೆಂಡಿರ ಕೈಗಳು ಗಂಟುಬಿದ್ದವು. ಮೇಲಕ್ಕೆ ಹೋದ ಮೇಲೆ ಅಡುಗೆಮನೆಯ ಕತ್ತರಿ ತಂದು ಬಿಡಿಸಬೇಕಾಯಿತು. ಹಿಟ್ಟಿನ ಕೈಯವನು ಯಾರದೋ ಹುಟ್ಟುಹಬ್ಬದ ಕೇಕಿನಿಂದ ಯಾರಿಗೂ ಗೊತ್ತಾಗದಂತೆ ಮೂರು ತುಂಡು ಕತ್ತರಿಸಿ ಕೊಟ್ಟ. ಗಂಡ ಮೇಸ್ತ್ರಿಯನ್ನು ಕರೆದುಕೊಂಡು ಎಡಗಡೆಯ ಬೇರಿಂಗ್ ತೋರಿಸಲು ಹೋದ.

ಕೇಕು ಅರ್ಧ ಬಾಯಿಯಲ್ಲಿರುವಾಗ ಆಕೆಗೆ ಹೊಳೆಯಿತು. ಹಡಗಿನ ಕಾಗದ ಇಲ್ಲಿಲ್ಲ ಎಂದಮೇಲೆ ಎಲ್ಲಿದೆ? ‘ಅತ್ತೆಗೆ’ ಎಂಬ ಲಕೋಟೆಯೊಳಗೆ. ಆಗ ಅತ್ತೆ ಎರಡು ಸಲ ಓದಿದ್ದು ಏನನ್ನು? ಎಂಟನೆಯದು ಏನಿತ್ತು? ನೆನಪಾಗಲು ಒಲ್ಲದ ಹದಿನೆಂಟೂ ಈಗ ಸಾಲಾಗಿ ಬಂದು ಎದುರಿಗೆ ನಿಂತವು.

ಓಡಿ ಹೋಗಿ ಫೋನ್ ಮಾಡಿದಳು. ಕೇಳಬೇಕೆಂದಿದ್ದುದು ಒಂದು, ಗಾಬರಿಯಲ್ಲಿ ಅಭ್ಯಾಸಬಲದಿಂದ ಬಾಯಿಗೆ ಬಂದದ್ದು ಇನ್ನೊಂದು.

“ಅತ್ತೆ, ಗ್ಯಾಸ್ ಆಫ್ ಆಗಿದೆಯಾ?”

ಆ ಕಡೆ ಕನ್ನಡಕ ಹಾಕಿಕೊಳ್ಳುವ ಸದ್ದು. ಕಾಗದ ಬಿಡಿಸುವ ಸದ್ದು.

“ನಾಲ್ಕನೇದು ಓದ್ತೀನಿ, ಕೇಳು. ‘ಗ್ಯಾಸ್ ಆಫ್ ಆಗಿದೆಯೇ ಎಂದು ಇನ್ನು ಮುಂದೆ ದಿನಕ್ಕೆ ಒಂದೇ ಸಲ ಕೇಳುತ್ತೇನೆ.’ ನಿನ್ನೆಯಿಂದ ಇದು ಹತ್ತನೇ ಸಲ. ಕೆಳಗೆ ನಿನ್ನ ಸಹಿ ಇದೆ.”

“ಅತ್ತೆ, ಅದು ನಿಮಗೆ ಬರೆದದ್ದಲ್ಲ, ಅದು—”

“ಎಂಟನೇದು. ‘ನಿಮ್ಮ ತಾಯಿಗೆ ಎದುರುತ್ತರ ಕೊಡುವ ಮೊದಲು ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತೇನೆ.’ ಎಣಿಸಮ್ಮ. ಕಾಯ್ತೀನಿ.”

ಆಕೆ ರೇಲಿಂಗಿಗೆ ಒರಗಿ ನಿಂತು, ಲೈಫ್ ಜಾಕೆಟ್ಟಿನೊಳಗೆ ಬೆವರುತ್ತಾ, ಎಣಿಸಿದಳು. ಏಳರ ಹೊತ್ತಿಗೆ ಆ ಕಡೆಯಿಂದ ಸಣ್ಣಗೆ ನಗು ಕೇಳಿಸಿತು. ಒಂಬತ್ತಕ್ಕೆ ತನಗೂ ನಗು ಬಂತು.

“ಆಯ್ತಾ?” ಎಂದರು ಅತ್ತೆ.

“ಆಯ್ತು ಅತ್ತೆ.”

“ಆಫ್ ಆಗಿದೆ,” ಎಂದು ಅತ್ತೆ ಫೋನಿಟ್ಟರು.